ಮಗ್ಗ ನಿಂತ ಮನೆ

ಬಿಟ್ಟಿಯಾಗಿ ಕೆಲಸ ಕಲಿಸುತ್ತೇವೆ, ಇರಲು ಜಾಗ ಕೊಡುತ್ತೇವೆ, ಊಟ ಹಾಕುತ್ತೇವೆ, ಮೇಲೆ ಕೈಗೊಂದಿಷ್ಟು ದುಡ್ಡನ್ನೂ ಕೊಡುತ್ತೇವೆ ಎಂದವರನ್ನು ಶಿವಗಾಮಿ ಜೀವನದಲ್ಲಿ ಒಂದೇ ಒಂದು ಸಲ ನಂಬಿದ್ದಳು. ಆ ಒಂದು ಸಲವೇ ಸಾಕಾಗಿತ್ತು. ಹಾಗಾಗಿ ಮಗಳು ಗೋಕಿಲಾ ಕಾಲೇಜಿನಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ, ಒಂದು ವಿಮಾನ ಕಂಪನಿ ತನ್ನನ್ನು ಪೈಲಟ್ ತರಬೇತಿಗೆ ಆರಿಸಿಕೊಂಡಿದೆ, ಒಂದು ಪೈಸೆ ಫೀಸಿಲ್ಲ ಎಂದು ಕೂಗಿ ಹೇಳಿದಾಗ, ಉಳಿದವರ ಬಾಯಿ ಅಗಲವಾಯಿತು, ಇವಳ ಮುಖ ಗಂಟಾಯಿತು.

"ಫೀಸಿಲ್ಲ ಅಂದ್ರೆ?" ಎಂದಳು, ದೋಸೆ ಹಂಚಿನಿಂದ ಕಣ್ಣು ತೆಗೆಯದೆ.

"ಇಲ್ಲ ಅಂದ್ರೆ ಇಲ್ಲಮ್ಮಾ. ಅಪ್ರೆಂಟಿಸ್ ಸ್ಕೀಮು. ಅವರೇ ಕಲಿಸ್ತಾರೆ, ಹಾಸ್ಟೆಲು ಅವರದೇ, ಕಲಿಯೋವಾಗ ಸ್ಟೈಪೆಂಡು. ಆಮೇಲೆ ಏಳು ವರ್ಷ ಅವರಲ್ಲೇ ಕೆಲಸ ಮಾಡ್ಬೇಕು, ಅಷ್ಟೇ."

"ಅಪ್ರೆಂಟಿಸು. ಹಾಸ್ಟೆಲು," ಎಂದಳು ಶಿವಗಾಮಿ. ದೋಸೆ ಸೀದುಹೋಯಿತು.

ಗಂಡ ಚಿನ್ನಸಾಮಿ ಮಗ್ಗದ ಶೆಡ್ಡಿನಿಂದ ತಲೆಯ ಮೇಲಿನ ಹತ್ತಿಯ ಧೂಳು ಕೊಡವಿಕೊಳ್ಳುತ್ತಾ ಬಂದ. "ಹೊರಗೆ ದುಡ್ಡು ಕಟ್ಟಿ ಪೈಲಟ್ ಆಗ್ಬೇಕಂದ್ರೆ ಎಷ್ಟಾಗುತ್ತೆ ಗೊತ್ತಾ ನಿಂಗೆ? ಈ ಮನೆ, ನಾಲ್ಕು ತರಿ, ಜೊತೆಗೆ ನಮ್ಮನ್ನೂ ಸೇರಿಸಿ ಮಾರಿದ್ರೂ ಆಗಲ್ಲ."

"ನನ್ನನ್ನ ಯಾರು ಕೊಂಡ್ಕೋತಾರೋ," ಎಂದಳು ಅವನ ತಾಯಿ ರಾಮಾತಾಳ್. ಮುದುಕಿಗೆ ಆಗಲೇ ಕಣ್ಣಲ್ಲಿ ನೀರು. "ನನ್ನ ಕಣ್ಣು ಪ್ಲೇನ್ ಓಡಿಸ್ತಾಳೆ! ಮೊದಲು ನನ್ನ ಕೂರಿಸ್ಕೊಂಡು ಹೋಗು ಸಾಮಿ."

"ಏಳು ವರ್ಷ ಯಾಕೆ?" ಎಂದಳು ಶಿವಗಾಮಿ. ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದರು.

ಆ ಮನೆಯಲ್ಲಿ ಕೂಗಾಟವೆಂದರೆ ಜಗಳವೇ ಆಗಬೇಕಿರಲಿಲ್ಲ. ಕೋಯಮತ್ತೂರಿನ ಹತ್ತಿರದ ಸೂಲೂರಿನಲ್ಲಿ, ನೇಕಾರರ ಬೀದಿಯಲ್ಲಿ ಕೊನೆಯ ಮನೆ ಅವರದು. ಆಚೆಗೆ ಜೋಳದ ಹೊಲ. ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು; ಎರಡನ್ನೂ ಅವರು ಆಡುವುದು ಗಂಟಲು ಹರಿದುಕೊಂಡೇ. ಅಡುಗೆಮನೆಗೆ ಅಂಟಿಕೊಂಡೇ ಶೆಡ್ಡು, ಅದರೊಳಗೆ ನಾಲ್ಕು ವಿದ್ಯುತ್ ಮಗ್ಗ, ಅವರ ಬಾಯಲ್ಲಿ ತರಿ. ಅವು ಓಡತೊಡಗಿದರೆ ಲಾಳಿಯ ಹೊಡೆತಕ್ಕೆ ಗೂಡಿನಲ್ಲಿಟ್ಟ ಲೋಟಗಳು ಅಲುಗುತ್ತವೆ. ಊರ ಪಕ್ಕದ ವಾಯುಪಡೆ ನೆಲೆಯಿಂದ ವಿಮಾನ ತಲೆಯ ಮೇಲೆ ಹಾರಿದಾಗ ಊರಿಗೆ ಬಂದ ನೆಂಟರು ಬೆಚ್ಚುತ್ತಾರೆ, ಈ ಬೀದಿಯವರು ತಲೆ ಎತ್ತುವುದಿಲ್ಲ. ಮಗ್ಗದ ನಡುವೆ ಮಾತು ಕೇಳಿಸುವ ಪ್ರಶ್ನೆಯೇ ಇಲ್ಲ. ತುಟಿ ನೋಡಿ, ಕೈ ನೋಡಿ, ಹುಬ್ಬು ನೋಡಿ ತಿಳಿದುಕೊಳ್ಳಬೇಕು. ಅಡುಗೆಮನೆಯ ಕಿಟಕಿಯಿಂದ ಶಿವಗಾಮಿ ಬರೀ ತುಟಿಯಾಡಿಸಿ ಸಾರಿಗೆ ಹುಣಸೆಹಣ್ಣು ಮುಗಿದಿದೆ ಎಂದರೆ, ಶೆಡ್ಡಿನ ಆ ತುದಿಯಲ್ಲಿದ್ದ ಗೋಕಿಲಾ ಅಂಗಡಿಗೆ ಹೊರಡುತ್ತಿದ್ದಳು.

ಶಿವಗಾಮಿ ತುಟಿ ಓದುವುದನ್ನು ಕಲಿತದ್ದು ಮಾತ್ರ ಈ ಮನೆಯಲ್ಲಲ್ಲ. ಮದುವೆಗೆ ಮುಂಚೆ, ಅನ್ನೂರಿನ ಕಡೆಯ ಒಂದು ನೂಲಿನ ಮಿಲ್ಲಿನಲ್ಲಿ. ಹುಡುಗಿಯರಿಗೆಂದೇ ಒಂದು ಸ್ಕೀಮಿತ್ತು: ಮೂರು ವರ್ಷ ಹಾಸ್ಟೆಲಿನಲ್ಲಿದ್ದು ಅಪ್ರೆಂಟಿಸಾಗಿ ದುಡಿಯಬೇಕು, ಮುಗಿದ ದಿನ ಮದುವೆಗೆಂದು ಒಂದು ದೊಡ್ಡ ಗಂಟು. ಗೇಟಿನಾಚೆ ಬಿಡುತ್ತಿರಲಿಲ್ಲ, ಮನೆಗೆ ಫೋನು ವಾರಕ್ಕೊಮ್ಮೆ, ಅದೂ ವಾರ್ಡನ್ ಪಕ್ಕದಲ್ಲಿ ನಿಂತಿರುವಾಗ. ಶಿವಗಾಮಿ ಅದನ್ನೆಲ್ಲ ಸಹಿಸಿದ್ದಳು. ಮೂರು ವರ್ಷ ಮುಗಿಯಲು ಇನ್ನೇನು ಎರಡು ತಿಂಗಳಿದೆ ಎನ್ನುವಾಗ ಕೆಮ್ಮು ಹಿಡಿಯಿತು. ಮಿಲ್ಲಿನ ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟು, ಅನ್‌ಫಿಟ್ ಎಂದು ಬರೆದ. ಮಾರನೆಯ ದಿನ ಅವಳೂ ಅವಳ ತಗಡಿನ ಟ್ರಂಕೂ ಗೇಟಿನಾಚೆ ಇದ್ದವು. ಗಂಟು ಬರಲಿಲ್ಲ. ಕೆಮ್ಮು ವಾರದೊಳಗೆ ಹೋಯಿತು.

ಇದನ್ನು ಅವಳು ಗಂಡನಿಗೆ ಒಮ್ಮೆ ಹೇಳಿದ್ದಳು, ಮಗಳಿಗೆ ಬೈಯುವಾಗ ಹತ್ತಾರು ಸಲ ಹೇಳಿದ್ದಳು.

*

ಭಾನುವಾರ ಕಂಪನಿಯಿಂದ ರಾಮ್‌ಕುಮಾರ್ ಎಂಬಾತ ಬಂದ. ಆರಿಸಿದ ಮಕ್ಕಳ ಮನೆಯವರನ್ನು ಕಂಡು ಒಪ್ಪಂದ ವಿವರಿಸುವುದು ಅವನ ಕೆಲಸ. ಇಸ್ತ್ರಿ ಹಾಕಿದ ಅಂಗಿ, ಮೆಲುದನಿ. ಅವನಿಗಾಗಿ ಮಗ್ಗ ನಿಲ್ಲಿಸಿದ್ದರು. ರಾಮಾತಾಳ್ ಬೆಳಿಗ್ಗೆಯೇ ಎದ್ದು ಅಕ್ಕಿಯ ಒತ್ತುಶಾವಿಗೆ, ಅವರ ಸಂದಗೆ, ಒತ್ತಿ ತೆಂಗಿನ ಹಾಲು ಹಿಂಡಿ ಇಟ್ಟಿದ್ದಳು. ಮಾತು ತಮಿಳಿನಲ್ಲಿ ನಡೆಯಿತು. ಶಿವಗಾಮಿ ಬಡಿಸುತ್ತಲೇ ಶುರುಮಾಡಿದಳು.

"ಹಾಸ್ಟೆಲಿಂದ ಹೊರಗೆ ಬಿಡ್ತೀರಾ?"

"ರಜೆ ದಿನ ಬಿಡ್ತೀವಮ್ಮಾ."

"ಫೋನು?"

"ಪಾಠದ ಹೊತ್ತಲ್ಲಿ ಇಲ್ಲ. ಸಂಜೆ ಕೊಡ್ತೀವಿ."

"ಮಾರ್ಕ್ಸ್ ಕಾರ್ಡು ಯಾರ ಹತ್ರ ಇರುತ್ತೆ?"

"ಒರಿಜಿನಲ್ ನಮ್ಮಲ್ಲೇ ಇರುತ್ತೆ. ತರಬೇತಿ ಮುಗಿದ ಮೇಲೆ ವಾಪಸು."

ಶಿವಗಾಮಿ ಗಂಡನ ಮುಖ ನೋಡಿದಳು. ಅವನು ಸಂದಗೆಯಲ್ಲಿ ಮುಳುಗಿದ್ದ.

"ಮಧ್ಯದಲ್ಲಿ ಬಿಟ್ರೆ?"

"ಅಲ್ಲಿವರೆಗಿನ ಖರ್ಚನ್ನ ಮನೆಯವರು ಕಟ್ಕೊಡ್ಬೇಕಾಗುತ್ತೆ. ಅದಕ್ಕೇ ತಂದೆಯವರ ಸಹಿ."

"ನಾವು ಬಿಡಲ್ಲ. ನೀವು ಬಿಟ್ರೆ?"

ರಾಮ್‌ಕುಮಾರ್ ನಕ್ಕ. "ನಾವ್ಯಾಕಮ್ಮಾ ಬಿಡ್ತೀವಿ? ನಮಗೆ ಪೈಲಟ್‌ಗಳು ಬೇಕು. ಸಿಗ್ತಾ ಇಲ್ಲ."

"ಅವರೂ ಹಾಗೇ ಅಂದಿದ್ರು."

"ಯಾರು?"

"ಯಾರೂ ಇಲ್ಲ. ಇನ್ನೊಂಚೂರು ಹಾಲು ಹಾಕ್ತೀನಿ."

ಅವನು ತಲೆ ತಗ್ಗಿಸಿ ಕೈಯಲ್ಲಿದ್ದ ಟ್ಯಾಬನ್ನು ಒತ್ತುತ್ತಾ ಗೋಕಿಲಾಳಿಗೆ ಏನೋ ಹೇಳಿದ. "ಏನ್ ಸಾರ್?" ಎಂದಳು ಅವಳು. ಇನ್ನೊಂದು ಸಲ ಹೇಳಿದ. "ಸಾರ್?" ಎಂದಳು ಮತ್ತೆ, ಮುಂದಕ್ಕೆ ಬಾಗಿ. ಅವನು ತಲೆ ಎತ್ತಿ, ಮುಂದಿನ ವಾರ ಕೋಯಮತ್ತೂರಿನಲ್ಲಿ ವೈದ್ಯಕೀಯ ಪರೀಕ್ಷೆ, ಅದೊಂದಾದರೆ ಸಹಿ ಹಾಕಬಹುದು ಎಂದ. ಹುಡುಗಿ ಗಾಬರಿಯಾಗಿದ್ದಾಳೆ ಎಂದುಕೊಂಡಳು ಶಿವಗಾಮಿ. ಗಾಬರಿಯಾಗಿದ್ದರೆ ಒಳ್ಳೆಯದೇ ಎಂದೂ ಅಂದುಕೊಂಡಳು.

ಅವನು ಹೋದ ಮೇಲೆ ತಾಯಿ ಮಗಳಿಗೆ ಜಗಳ ಹತ್ತಿಕೊಂಡಿತು.

"ನೀನು ಪೊಲೀಸ್ ಸ್ಟೇಷನ್ನಲ್ಲಿ ಕೇಳ್ದಂಗೆ ಕೇಳ್ತಿದ್ಯಲ್ಲಮ್ಮಾ!"

"ಕೇಳ್ದೆ ಹೋಗಿದ್ದಕ್ಕೇ ನಾನು ಟ್ರಂಕ್ ಹೊತ್ಕೊಂಡು ಬಂದಿದ್ದು."

"ಅದು ಮಿಲ್ಲು. ಇದು ಏರ್‌ಲೈನ್ಸ್."

"ಗೇಟು ಒಂದೇ ಥರ ಇರುತ್ತೆ, ಪಾಪಾ."

"ನಿನಗೆ ಹೊಟ್ಟೆಕಿಚ್ಚು," ಎಂದಳು ಗೋಕಿಲಾ. ಅಂದಮೇಲೆ ತಾನೇ ಬೆಚ್ಚಿದಳು. ಶಿವಗಾಮಿ ಎಂಜಲೆಲೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಆ ಮಾತು ಬಹಳ ಚುಚ್ಚಿತು. ಪೂರ್ತಿ ಸುಳ್ಳು ಮಾತಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ; ಅದರಲ್ಲಿ ಎಷ್ಟು ನಿಜ ಎಂಬುದು ಅವಳಿಗೇ ಗೊತ್ತಾಗಲಿಲ್ಲ.

*

ಪರೀಕ್ಷೆಗೆ ಅಪ್ಪ ಮಗಳು ಹೋದರು. ಬರುವಾಗ ಚಿನ್ನಸಾಮಿಯ ಕೈಯಲ್ಲಿ ಬೇಕರಿಯ ಪೊಟ್ಟಣ. ಮದುವೆಯಾದಾಗಿನಿಂದ ಆ ಮನುಷ್ಯ ಹೇಳದೆ ಬೇಕರಿ ಹತ್ತಿದವನಲ್ಲ.

"ಏನಾಯ್ತು?"

"ಎಲ್ಲಾ ಸರಿ. ಕಣ್ಣು, ಹಾರ್ಟು, ರಕ್ತ, ಎಲ್ಲಾ ನಂಬರ್ ಒನ್. ತೆಂಗಿನಕಾಯಿ ಬನ್ನು ತಂದಿದೀನಿ, ತಿನ್ನು."

"ಹಾಗಾದ್ರೆ ಸಹಿ ಯಾವಾಗ?"

"ಅದು… ಇನ್ನೊಂದು ಪೇಪರ್ ಬರ್ಬೇಕು. ಒಂದು ತಿಂಗಳಾಗುತ್ತೆ."

ಗೋಕಿಲಾ ಬನ್ನು ಮುಟ್ಟಲಿಲ್ಲ. ತಲೆನೋವೆಂದು ಮಲಗಿದಳು.

ಮಾರನೆಯ ದಿನ ಮಗ್ಗ ಓಡಲಿಲ್ಲ. ನೂಲು ಬಂದಿಲ್ಲ ಎಂದ ಚಿನ್ನಸಾಮಿ. ಅದರ ಮಾರನೆಯ ದಿನವೂ ನೂಲು ಬರಲಿಲ್ಲ. ಬೀಮಿನಲ್ಲಿ, ಮಗ್ಗದ ನೂಲು ಸುತ್ತಿದ ಉರುಳೆಯಲ್ಲಿ, ಅರ್ಧ ನೇಯ್ದ ಬಟ್ಟೆ ಹಾಗೇ ನಿಂತಿತ್ತು. ಅದಕ್ಕೆ ಬೇಕಾದ ನೂಲಿನ ಚೀಲ ಮೂಲೆಯಲ್ಲೇ ಇತ್ತು. ಶಿವಗಾಮಿ ಚೀಲವನ್ನೂ ನೋಡಿದಳು, ಗಂಡನನ್ನೂ ನೋಡಿದಳು. ಅವನು ಅಂಗಳದಲ್ಲಿ ಕೂತು ಹಳೆಯ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಆ ಸೈಕಲ್ಲನ್ನು ಮನೆಯಲ್ಲಿ ಯಾರೂ ಓಡಿಸುತ್ತಿರಲಿಲ್ಲ.

ನಂತರ ಹತ್ತಿ ಸಿಕ್ಕಿತು. ಗೋಕಿಲಾಳ ದಿಂಬಿನ ಕೆಳಗೆ, ಹತ್ತಿಯ ಎರಡು ಸಣ್ಣ ಉಂಡೆ. ನೇಕಾರರ ಮನೆಯಲ್ಲಿ ಹತ್ತಿ ಎಲ್ಲಿಲ್ಲ ಎನ್ನಿ, ಆದರೂ ಯಾರೂ ಅದನ್ನು ಉಂಡೆ ಕಟ್ಟಿ ದಿಂಬಿನ ಕೆಳಗಿಡುವುದಿಲ್ಲ. ಮಗಳು ಮಧ್ಯಾಹ್ನವಾದರೆ ಪುಸ್ತಕ ಹಿಡಿದು ಹೊಲದಾಚೆಯ ಬೇವಿನ ಮರದಡಿ ಹೋಗಿ ಕೂರುತ್ತಿದ್ದಳು. ಶಿವಗಾಮಿ ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು; ಯಾವ ಹುಡುಗನೂ ಬರಲಿಲ್ಲ. ಹುಡುಗನಾದರೂ ಬಂದಿದ್ದರೆ ವಿಷಯ ತಿಳಿಯುತ್ತಿತ್ತು ಎಂದು ಸಿಟ್ಟು ಬಂತು.

ಒಂದು ಬೆಳಿಗ್ಗೆ ಅಕ್ಕಿ ತೊಳೆಯುತ್ತಾ ಕಿಟಕಿಯಿಂದ ನೋಡಿದಳು. ಶೆಡ್ಡಿನಲ್ಲಿ ಅಪ್ಪ ಮಗಳು ಎದುರುಬದುರು ನಿಂತಿದ್ದರು. ಮಗ್ಗಗಳು ನಿಂತಿದ್ದವು, ನೊಣ ಹಾರಿದರೂ ಕೇಳುವಂತಿತ್ತು. ಆದರೂ ಅವರಿಬ್ಬರೂ ದನಿಯೇ ಇಲ್ಲದೆ, ಮಗ್ಗ ಓಡುತ್ತಿದ್ದಾಗ ಆಡುವಂತೆ, ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಗೋಕಿಲಾಳ ಬೆನ್ನು ಕಿಟಕಿಗಿತ್ತು. ಚಿನ್ನಸಾಮಿಯ ತುಟಿ ನಿಚ್ಚಳವಾಗಿ ಕಂಡಿತು.

'ಅಮ್ಮನ ಹತ್ರ ಬಾಯಿ ಬಿಡ್ಬೇಡ. ತಿಂಗಳು ಕಳೀಲಿ.'

ಅಕ್ಕಿ ತೊಳೆದ ನೀರಿನ ಜೊತೆ ಅರ್ಧ ಅಕ್ಕಿಯೂ ಮೋರಿಗೆ ಹೋಯಿತು. ಶಿವಗಾಮಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಗೋವಿಂದಸಾಮಿಯ ಗೋದಾಮಿಗೆ ಹೋದಳು. ಅವರಿಗೆ ನೂಲು ಕೊಟ್ಟು ಬಟ್ಟೆ ನೇಯಿಸಿಕೊಳ್ಳುವ ವ್ಯಾಪಾರಿ ಅವನೇ.

"ನೂಲು ಯಾಕೆ ಕಳಿಸಿಲ್ಲಣ್ಣಾ?"

"ಒಳ್ಳೇ ಕೇಳ್ದೆ ತಾಯಿ!" ಎಂದ ಗೋವಿಂದಸಾಮಿ. "ಬೀಮು ಸುತ್ತಿಸಿ ಇಟ್ಟು ವಾರವಾಯ್ತು. ನಿಮ್ಮ ಯಜಮಾನ್ರೇ ಒಂದು ತಿಂಗಳು ಬೇಡ ಅಂದಿದ್ದು. ತರಿ ಮಾರೋ ಯೋಚನೆ ಇದ್ರೆ ನನಗೆ ಮೊದಲು ಹೇಳೋಕೆ ಹೇಳು."

ದಾರಿಯುದ್ದಕ್ಕೂ ಶಿವಗಾಮಿಯ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಸಹಿ ಆಗಿಹೋಗಿದೆ. ಮಗಳ ಏಳು ವರ್ಷಕ್ಕೆ ಮಗ್ಗಗಳನ್ನು ಒತ್ತೆಯಿಟ್ಟಿದ್ದಾನೆ. ಮುದುಕಿಗೆ ಸಂದಗೆ ಒತ್ತುವಾಗಲೇ ಗೊತ್ತಿತ್ತು.

*

ಮಧ್ಯಾಹ್ನ ಹುರುಳಿ ಸಾರು ಬಡಿಸಿದಳು. ಎಲ್ಲರೂ ಅನ್ನ ಕಲಸುವವರೆಗೆ ಕಾದಳು.

"ತರಿಗಳನ್ನ ಯಾರ ಹತ್ರ ಒತ್ತೆ ಇಟ್ಟಿದ್ದೀರಿ?"

ಚಿನ್ನಸಾಮಿಯ ಕೈ ಬಾಯಿಯ ಹತ್ತಿರವೇ ನಿಂತಿತು. "ಏನು ಹುಚ್ಚುಮಾತು ಇದು?"

"ಗೋವಿಂದಸಾಮಿ ಅಣ್ಣನ್ನ ಕಂಡು ಬಂದೆ. ನಾನು ಕುರುಡಿಯಲ್ಲ. ಬಾಯಿ ಬಿಡ್ಬೇಡ ಅಂತ ಇವಳಿಗೆ ಹೇಳ್ತಿದ್ದಿದ್ದೂ ನೋಡಿದೆ. ನಿಮಗಿಂತ ಮೊದಲು ತುಟಿ ಓದೋಕೆ ಕಲಿತವಳು ನಾನು."

"ಒತ್ತೆಯೂ ಇಲ್ಲ, ಮಣ್ಣೂ ಇಲ್ಲ."

"ಹಾಗಾದ್ರೆ ನನ್ನ ತಲೆ ಮೇಲೆ ಕೈ ಇಟ್ಟು ಹೇಳಿ."

"ಹೇಳ್ಬಿಡೋ," ಎಂದಳು ರಾಮಾತಾಳ್. "ಅವಳ ಅನುಮಾನಕ್ಕೆ ಮನೆ ಸುಟ್ಟುಹೋಗುತ್ತೆ."

ಗೋಕಿಲಾ ತಟ್ಟೆ ಸರಿಸಿದಳು. "ನನ್ನ ಕಿವಿ ಸರಿಯಿಲ್ಲಮ್ಮಾ. ಬಲಗಿವಿ. ಮೆಷಿನ್ ಹಾಕಿ ನೋಡಿದ್ರು. ಪೈಲಟ್‌ಗೆ ಇಷ್ಟು ಕೇಳಿಸ್ಬೇಕು ಅಂತ ಒಂದು ಗೆರೆ ಇದೆ, ಅದಕ್ಕಿಂತ ಕಡಿಮೆ ಇದೆ. ಸದ್ಯಕ್ಕೆ ಅನ್‌ಫಿಟ್ ಅಂತ ಬರೆದ್ರು. ಒಂದು ತಿಂಗಳು ಸದ್ದಿನ ಹತ್ರ ಹೋಗ್ಬೇಡ, ಕಿವಿ ದಣಿದಿದೆ, ಮತ್ತೆ ನೋಡೋಣ ಅಂದ್ರು. ಅದಕ್ಕೇ ಅಪ್ಪ ತರಿ ನಿಲ್ಸಿದ್ದು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಏನಂತಿದ್ದೆ ಹೇಳು."

ಅವಳು ಏನೆನ್ನುತ್ತಿದ್ದಳೋ ಅದನ್ನೇ ಈಗ ಅಂದಳು. "ಅನ್‌ಫಿಟ್! ನೋಡಿದ್ಯಾ, ಅದೇ ಮಾತು! ಮೊದಲು ಆಸೆ ಹುಟ್ಟಿಸೋದು, ಆಮೇಲೆ ಡಾಕ್ಟರ್ ಕೈಲಿ ಬರೆಸೋದು. ನನ್ನ ಮಗಳ ಕಿವಿಗೆ ಏನು ದಾಡಿ? ಹತ್ತೊಂಬತ್ತು ವರ್ಷದಿಂದ ನಾನು ಮಾತಾಡ್ತಿಲ್ವಾ ಇವಳ ಹತ್ರ? ಒಂದು ದಿನ ಕೇಳಿಸಲ್ಲ ಅಂದಿದಾಳಾ?"

"ಇದಕ್ಕೇ," ಎಂದಳು ಗೋಕಿಲಾ. "ಇದಕ್ಕೇ ಹೇಳ್ಲಿಲ್ಲ."

ಊಟ ಅಲ್ಲಿಗೆ ಮುಗಿಯಿತು. ಗೋಕಿಲಾ ತಟ್ಟೆಗಳನ್ನು ಎತ್ತಿಕೊಂಡು ಹಿತ್ತಲ ಕಲ್ಲಿನ ಹತ್ತಿರ ಕೂತು ಬೂದಿ ಹಚ್ಚಿ ಉಜ್ಜತೊಡಗಿದಳು. ಶಿವಗಾಮಿ ಬಾಗಿಲಲ್ಲಿ ನಿಂತಳು. ಡಾಕ್ಟರು ಸುಳ್ಳನೆಂದು ಈಗಲೇ ತೋರಿಸಿಬಿಡುತ್ತೇನೆ ಎಂಬ ಹಟ ಅವಳಿಗೆ. ಮಗಳು ಉಜ್ಜುವುದನ್ನು ನಿಲ್ಲಿಸಿ, ಮೊಣಕಾಲಿಗೆ ಗಲ್ಲ ಕೊಟ್ಟು ಸುಮ್ಮನೆ ಕೂತ ಹೊತ್ತು ನೋಡಿ, ಆ ರಾಮ್‌ಕುಮಾರ್ ಮಾತಾಡುತ್ತಿದ್ದಷ್ಟೇ ದನಿಯಲ್ಲಿ ಕರೆದಳು.

"ಗೋಕಿಲಾ, ಆ ಚೊಂಬು ತಗೊಂಡು ಬಾ."

ಹುಡುಗಿ ಅಲುಗಲಿಲ್ಲ.

"ಗೋಕಿಲಾ."

ಹಿತ್ತಲ ಮೂಲೆಯಲ್ಲಿ ಕೂತಿದ್ದ ಮುದುಕಿ ಇತ್ತ ತಿರುಗಿದಳು. ಮಗಳು ತಿರುಗಲಿಲ್ಲ. ಶಿವಗಾಮಿ ಎರಡು ಹೆಜ್ಜೆ ಹತ್ತಿರ ಹೋದಳು. "ಪಾಪಾ… ಕಣ್ಣು…" ಎಂದು ಮುದ್ದಿನ ಹೆಸರಲ್ಲೂ ಕರೆದಳು. ಅವಳ ನೆರಳು ಕಲ್ಲಿನ ಮೇಲೆ ಬಿದ್ದಾಗ ಗೋಕಿಲಾ ತಟ್ಟನೆ ತಲೆ ಎತ್ತಿ, ತಾಯಿಯ ತುಟಿ ನೋಡಿದಳು. "ಕರೆದ್ಯಾ?"

"ಇಲ್ಲ," ಎಂದಳು ಶಿವಗಾಮಿ.

ಒಳಗೆ ಹೋಗಿ ಶೆಡ್ಡಿನ ಬಾಗಿಲಲ್ಲಿ ಕೂತಳು. ತೊಲೆಯ ಮೇಲೆ ಕಬ್ಬಿಣದ ಕೊಂಡಿ ಇನ್ನೂ ಇತ್ತು. ಕೂಸಾಗಿದ್ದಾಗ ಗೋಕಿಲಾಳ ಸೀರೆಯ ತೊಟ್ಟಿಲನ್ನು ಅಲ್ಲೇ ಕಟ್ಟುತ್ತಿದ್ದರು, ಎರಡು ಮಗ್ಗಗಳ ನಡುವೆ. ಮಗ್ಗ ಓಡುತ್ತಿದ್ದರೆ ಮಗು ಹಾಯಾಗಿ ಮಲಗುತ್ತದೆ, ನಿಂತರೆ ಅಳುತ್ತದೆ ಎಂದು ಬೀದಿಯವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದಳು. ಯಾರೋ ಕಂಪನಿಯವರು ಬಂದು ಮಗಳ ಏನನ್ನು ಕಿತ್ತುಕೊಳ್ಳುತ್ತಾರೋ ಎಂದು ವಾರಗಟ್ಟಲೆ ಗೇಟು ಕಾಯುತ್ತಿದ್ದವಳ ಮನೆಯೊಳಗೇ ಇದು ನಡೆದುಹೋಗಿತ್ತು. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಚಿನ್ನಸಾಮಿ ಬಂದು ಪಕ್ಕದಲ್ಲಿ ಕೂತ.

*

ಅತ್ತು ಮುಗಿದ ಮೇಲೆ ಶಿವಗಾಮಿ ಮನೆಯ ಯಜಮಾನಿಕೆಯನ್ನು ಕೈಗೆ ತೆಗೆದುಕೊಂಡಳು. ಗೋವಿಂದಸಾಮಿಗೆ ತಾನೇ ಹೋಗಿ, ತರಿ ಮಾರುವುದಿಲ್ಲ, ಬೀಮು ಕಾಯಲಿ ಎಂದು ಹೇಳಿ ಬಂದಳು. ತಿರುಪ್ಪೂರಿನ ಬನಿಯನ್ ಕಂಪನಿಯಿಂದ ಹೊಲಿದ ಬನಿಯನ್ನುಗಳ ಮೂಟೆ ತರಿಸಿ, ಅಂಚಿನ ದಾರ ಕತ್ತರಿಸುವ ಕೆಲಸಕ್ಕೆ ಗಂಡನನ್ನೂ ಅತ್ತೆಯನ್ನೂ ಕೂರಿಸಿದಳು. ಕತ್ತರಿಗೆ ಸದ್ದಿಲ್ಲ. ಕುಕ್ಕರ್ ಅಟ್ಟ ಸೇರಿತು, ಅನ್ನ ಪಾತ್ರೆಯಲ್ಲಿ ಬೆಂದಿತು. ಟೀವಿಗೆ ಬಟ್ಟೆ ಹೊದಿಸಿಯಾಯಿತು.

"ನನ್ನ ಸೀರಿಯಲ್ಲು?" ಎಂದಳು ರಾಮಾತಾಳ್.

"ಮೆಲ್ಲಗೆ ಮಾತಾಡಿ ಅತ್ತೆ."

"ನಾನು ಮೆಲ್ಲಗೇ ಅಲ್ವೇನೇ ಮಾತಾಡ್ತಿರೋದು!" ಎಂದು ಮುದುಕಿ ಬೀದಿ ತುದಿಗೆ ಕೇಳುವಂತೆ ಕಿರುಚಿದಳು. ಪಾಪ, ಎಪ್ಪತ್ತು ವರ್ಷ ಮಗ್ಗದ ಜೊತೆ ಪೈಪೋಟಿ ಮಾಡಿದ ಗಂಟಲದು. ಆ ಮನೆಯಲ್ಲಿ ಪಿಸುದನಿಯಲ್ಲಿ ಜಗಳವಾಡುವುದನ್ನು ಮೂವರೂ ಹೊಸದಾಗಿ ಕಲಿಯಬೇಕಾಯಿತು. ಪಿಸುಗುಟ್ಟಿ ಬೈದರೆ ಸಿಟ್ಟು ಅರ್ಧದಲ್ಲೇ ಆರಿಹೋಗುತ್ತದೆ ಎಂದು ಚಿನ್ನಸಾಮಿ ಕಂಡುಕೊಂಡ. ಹೆಂಡತಿಗೆ ಅದು ಹಿಡಿಸಲಿಲ್ಲ.

ಸಂಜೆ ತಾಯಿ ಮಗಳ ಅಭ್ಯಾಸ. ಗೋಕಿಲಾ ಗೋಡೆಗೆ ಮುಖ ಮಾಡಿ ಕೂರುವುದು, ಶಿವಗಾಮಿ ಹಿಂದಿನಿಂದ ಮೆಲ್ಲಗೆ ತರಕಾರಿಗಳ ಹೆಸರು ಹೇಳುವುದು. ಮೊದಲ ವಾರ ಬದನೆಕಾಯಿ ಬೆಂಡೆಕಾಯಿಯಾಯಿತು, ಮೂಲಂಗಿ ಎಲ್ಲಿಯೋ ಮಾಯವಾಯಿತು. ಎರಡನೆಯ ವಾರ ಚೂರು ವಾಸಿ. ಒಂದು ಸಂಜೆ ಹುಡುಗಿ ಒಂದನ್ನೂ ತಪ್ಪದೆ ಹೇಳಿದಳು. ರಾಮಾತಾಳ್ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತಂದಳು. ಶಿವಗಾಮಿಗೂ ಎದೆ ತುಂಬಿತು. ಆಮೇಲೆ ಗೋಡೆಯ ಪಕ್ಕದ ನೀರಿನ ಸ್ಟೀಲ್ ಕೊಡ ಕಣ್ಣಿಗೆ ಬಿತ್ತು. ಅವಳೇ ಬೆಳಿಗ್ಗೆ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟದ್ದು. ಅದರ ಹೊಟ್ಟೆಯಲ್ಲಿ ಅವಳ ಮುಖ, ಅವಳ ತುಟಿ.

ಅವಳು ಕೊಡ ಎತ್ತಿ ಒಳಗಿಟ್ಟು ಬಂದಳು. ಆ ದಿನದಿಂದ ಶಿವಗಾಮಿಗೆ ಕಂಪನಿಗಿಂತ ಮಗಳ ಮೇಲೆಯೇ ಅನುಮಾನ ಹೆಚ್ಚಾಯಿತು. ಬೇಕೆಂದೇ ನೋಡಿದಳೋ, ಹುಟ್ಟಾ ಅಭ್ಯಾಸಕ್ಕೆ ಕಣ್ಣು ತಾನಾಗಿ ಹೋಯಿತೋ? ಕೇಳಿದರೆ ಮಗಳಿಗೂ ಹೇಳಲು ಆಗುತ್ತಿತ್ತೋ ಇಲ್ಲವೋ.

*

ಎರಡನೆಯ ಪರೀಕ್ಷೆಗೆ ಶಿವಗಾಮಿಯೇ ಜೊತೆಗೆ ಹೋದಳು. ಚಿನ್ನಸಾಮಿ ತಾನೂ ಬರುತ್ತೇನೆಂದಾಗ, "ನೀವು ಬಂದ್ರೆ ಬನ್ನು ತಿನ್ಸಿ ಕರ್ಕೊಂಡ್ ಬರ್ತೀರ," ಎಂದಳು.

ಆಸ್ಪತ್ರೆಯ ಒಂದು ಮೂಲೆಯಲ್ಲಿ ಗಾಜಿನ ಕಿಟಕಿಯಿದ್ದ ಪುಟ್ಟ ಗೂಡು. ಒಳಗೆ ಗೋಕಿಲಾ, ಕಿವಿಗೆ ದೊಡ್ಡ ಹೆಡ್‌ಫೋನು, ಕೈಯಲ್ಲಿ ಒಂದು ಗುಂಡಿ. ಹೊರಗೆ ಯಂತ್ರದ ಮುಂದೆ ಕೂತ ಹೆಂಗಸು ಸದ್ದು ಕೊಡುತ್ತಾಳೆ. ಕೇಳಿಸಿದರೆ ಗುಂಡಿ ಒತ್ತಬೇಕು. ಒತ್ತಿದರೆ ಯಂತ್ರದ ಮೇಲೆ ಸಣ್ಣ ಹಸಿರು ದೀಪ ಹತ್ತುತ್ತದೆ. ಅಮ್ಮಂದಿರು ಹೊರಗಿರಬೇಕು ಎಂದಾಗ ಶಿವಗಾಮಿ ಕೇಳಿಸದವಳಂತೆ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತುಬಿಟ್ಟಳು.

ದೀಪ ಹತ್ತಿತು. ಮತ್ತೆ ಹತ್ತಿತು. ತಪ್ಪದೆ ಹತ್ತುತ್ತಲೇ ಹೋಯಿತು. "ಪರವಾಗಿಲ್ವೇ, ಚೆನ್ನಾಗಿದೆ," ಎಂದುಕೊಂಡಳು ಆ ಹೆಂಗಸು.

ಶಿವಗಾಮಿ ದೀಪ ನೋಡುವುದನ್ನು ಬಿಟ್ಟು ಗಾಜಿನಾಚೆ ಮಗಳ ಮುಖ ನೋಡಿದಳು. ಗೋಕಿಲಾ ಇತ್ತಲೇ ಮುಖ ಮಾಡಿ ಕೂತಿದ್ದಳು. ಅವಳ ಕಣ್ಣು ಆ ಹೆಂಗಸಿನ ಬಲಭುಜದ ಮೇಲಿತ್ತು. ಪ್ರತಿ ಸಲ ಸದ್ದು ಕೊಡುವಾಗ ಭುಜ ಒಂದಿಷ್ಟು, ಕಂಡೂ ಕಾಣದಷ್ಟು, ಏಳುತ್ತಿತ್ತು. ಅದರ ಹಿಂದೆಯೇ ದೀಪ.

ಸುಮ್ಮನಿದ್ದರೆ ಆಯಿತು. ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ ಫಿಟ್ ಎಂದು ಬರೆದುಕೊಡುತ್ತಾರೆ, ಮಗಳು ಕುಣಿಯುತ್ತಾಳೆ, ಮಗ್ಗ ಓಡುತ್ತದೆ. ಈ ಲೋಕ ತನಗೆ ಮಾಡಿದ್ದಕ್ಕೆ ಇಷ್ಟು ಸಣ್ಣ ಮೋಸ ಯಾವ ಲೆಕ್ಕ? ಆದರೆ ಪರೀಕ್ಷೆ ವರ್ಷವರ್ಷವೂ ಇರುತ್ತದಂತೆ. ಒಂದು ವರ್ಷ ಯಾವನೋ ಡಾಕ್ಟರು ಕುರ್ಚಿ ತಿರುಗಿಸಿ ಕೂರಿಸುತ್ತಾನೆ. ಆಗ ಮಗಳು ಟ್ರಂಕಿನ ಜೊತೆ ಗೇಟಿನಾಚೆ. ಅದಕ್ಕೂ ಮುಂಚೆಯೇ, ಮೋಡದ ಮೇಲೆಲ್ಲೋ, ತುಟಿ ಕಾಣದ ಜಾಗದಿಂದ ಯಾರೋ ಇವಳಿಗೆ ಏನೋ ಹೇಳಿದರೆ? ಇವಳ ಬೆನ್ನ ಹಿಂದೆ ಎಷ್ಟೊಂದು ಜನ ಕೂತಿರುತ್ತಾರೆ.

ಅವಳು ಎದ್ದಳು.

"ಕುರ್ಚಿ ಆ ಕಡೆ ತಿರುಗಿಸಿ ನೋಡಿ ಅಮ್ಮಾ," ಎಂದಳು ತಮಿಳಿನಲ್ಲಿ. "ನಾವು ಮಗ್ಗದವರು. ಈ ಹುಡುಗಿ ಕಣ್ಣಲ್ಲೇ ಕೇಳಿಸ್ಕೋತಾಳೆ."

ಆ ಹೆಂಗಸು ಒಂದು ಕ್ಷಣ ಅವಳನ್ನೇ ನೋಡಿ, "ತಿರುಗಿಸಿಯೇ ಕೂರಿಸೋದು, ಇವತ್ತು ಹಾಗೇ ಕೂರಿಸಿಬಿಟ್ಟೆ," ಎನ್ನುತ್ತಾ ಎದ್ದುಹೋದಳು. ಗೋಕಿಲಾಳಿಗೆ ಗಾಜಿನಾಚೆಯ ಮಾತು ಕೇಳಿಸಿರಲಾರದು. ಆದರೆ ತಾಯಿಯ ತುಟಿಯನ್ನು ಅವಳು ಪೂರ್ತಿ ಓದಿದ್ದಳು. ಅವಳು ನೋಡಿದ ನೋಟಕ್ಕೆ ಶಿವಗಾಮಿ ಕಣ್ಣು ತಗ್ಗಿಸಬೇಕಾಯಿತು.

ಕುರ್ಚಿ ತಿರುಗಿತು. ಈಗ ಕಾಣುವುದು ಜಡೆ, ಜಡೆಯ ಮೇಲೆ ಹೆಡ್‌ಫೋನಿನ ಕಮಾನು, ಅಷ್ಟೇ. ಹೆಂಗಸು ಮತ್ತೆ ಮೊದಲಿಂದ ಶುರುಮಾಡಿದಳು.

ದೀಪ ಹತ್ತಲಿಲ್ಲ.

ಹೆಂಗಸು ಒಂದು ಬಿರಡೆ ತಿರುಗಿಸಿದಳು. ಹತ್ತಲಿಲ್ಲ. ಶಿವಗಾಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು. ನನ್ನ ಕೈಯಾರೆ ಮಾಡಿದೆ, ಮಿಲ್ಲಿನ ಡಾಕ್ಟರು ನನಗೆ ಮಾಡಿದ್ದನ್ನು ನಾನು ನನ್ನ ಮಗಳಿಗೆ ಮಾಡಿದೆ ಎಂದುಕೊಂಡಳು. ಮತ್ತೆ ಬಿರಡೆ ತಿರುಗಿತು.

ಹತ್ತಿತು. ಆರಿತು. ತಡೆದು, ಮತ್ತೆ ಹತ್ತಿತು. ಮೊದಲಿನ ಹಾಗೆ ತಪ್ಪದೆ ಅಲ್ಲ. ಯೋಚಿಸಿ ಯೋಚಿಸಿ, ನಡುನಡುವೆ ಬಿಟ್ಟು, ಆದರೂ ಹತ್ತುತ್ತಾ ಹೋಯಿತು.

ಡಾಕ್ಟರು ಗೀಟು ಗೀಟಿನ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಬಲಗಿವಿ ಗೆರೆಗೆ ತಾಗಿಕೊಂಡೇ ಇದೆ. ಆದರೆ ಗೆರೆ ದಾಟಿದೆ. ಇನ್ನು ಮಗ್ಗದ ಹತ್ತಿರ ಸುಳಿಯಬೇಡ," ಎಂದು ಫಿಟ್ ಎಂದು ಬರೆದರು.

"ಇದು ನಿಜವಾದ ಫಿಟ್ ತಾನೇ ಸಾರ್?" ಎಂದು ಕೇಳಿದಳು ಶಿವಗಾಮಿ. ಡಾಕ್ಟರಿಗೆ ನಗು ಬಂತು, ಅವಳಿಗೆ ಬರಲಿಲ್ಲ.

ಬಸ್ಸಿನಲ್ಲಿ ಗೋಕಿಲಾ ಬೇರೆ ಸೀಟಿನಲ್ಲಿ ಕೂತಳು. ಸೂಲೂರಿನಲ್ಲಿ ಇಳಿದು ಹೊಲದ ಪಕ್ಕದ ದಾರಿ ಹಿಡಿದಾಗಲೂ ನಾಲ್ಕು ಮಾರು ಮುಂದೆಯೇ ನಡೆದಳು, ಹಿಂದೆ ತಿರುಗದೆ. ಬಿಸಿಲು ಇಳಿಯುತ್ತಿತ್ತು. ಬೀದಿಯ ಮಗ್ಗಗಳ ಸದ್ದು ಇನ್ನೂ ದೂರದಲ್ಲಿತ್ತು. ಶಿವಗಾಮಿಗೆ ಹೇಳಬೇಕಾದ್ದು ಬೇಕಾದಷ್ಟಿತ್ತು. ಒಪ್ಪಂದದ ಹಾಳೆಯನ್ನು ಸಹಿಗೆ ಮುಂಚೆ ಸಾಲು ಸಾಲಾಗಿ ಓದಿಸಿ ಕೇಳಬೇಕು, ಆ ರಾಮ್‌ಕುಮಾರನನ್ನು ಇನ್ನೊಂದು ಸಲ ಕರೆಸಬೇಕು, ಅವರು ಬಿಟ್ಟರೆ ಏನು ಎಂಬುದಕ್ಕೆ ಅವನು ಇನ್ನೂ ಉತ್ತರ ಕೊಟ್ಟಿಲ್ಲ. ಅದ್ಯಾವುದೂ ಬಾಯಿಗೆ ಬರಲಿಲ್ಲ.

"ಹೊಟ್ಟೆ ಹಸೀತಿದ್ಯಾ ಕಣ್ಣು?" ಎಂದಳು, ಮೆಲ್ಲಗೆ.

ಗೋಕಿಲಾ ನಡೆಯುತ್ತಲೇ ಇದ್ದಳು. ಜಡೆ ಬೆನ್ನಿನ ಮೇಲೆ ಆಚೀಚೆ ಆಡುತ್ತಿತ್ತು.

ಶಿವಗಾಮಿ ನಿಂತುಬಿಟ್ಟಳು. ಆ ದೀಪ, ಆ ಹಾಳೆ, ಡಾಕ್ಟರ ಸಹಿ, ಯಾವುದರ ಮೇಲೂ ಅವಳಿಗೆ ನಂಬಿಕೆ ಉಳಿಯಲಿಲ್ಲ. ಮತ್ತೊಮ್ಮೆ ಕರೆಯಲು ಬಾಯಿ ತೆರೆದಳು, ದನಿ ಏರಿಸಲು ಧೈರ್ಯ ಬರಲಿಲ್ಲ.

"ಕೇಳಿಸ್ತಮ್ಮಾ," ಎಂದಳು ಗೋಕಿಲಾ ಮುಂದಿನಿಂದ, ತಿರುಗದೆ. "ಕೋಪದಲ್ಲಿದೀನಿ, ಅದಕ್ಕೇ ಮಾತಾಡ್ತಿಲ್ಲ."